ಎಣ್ಣೆ ಕುಡಿದ ಪೆಟ್ಟಿಗೆ

ಆ ಹಳೆಯ ಆಂಪ್ಲಿಫೈಯರ್ ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿದ ದಿನ ಮಧ್ಯಾಹ್ನದ ಬುತ್ತಿ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಇಲಿ ಹಿಕ್ಕೆ, ಜಿರಲೆ ಮೊಟ್ಟೆ, ಗೋಣಿ ನಾರು ಕಚ್ಚಿ ತಂದು ಕಟ್ಟಿದ ಇಲಿಗೂಡು, ಅದೆಲ್ಲದರ ಮೇಲೆ ಕಮಟು ಹಿಡಿದ ಕೊಬ್ಬರಿ ಎಣ್ಣೆ. ತಿಪಟೂರಿನಲ್ಲಿ ಬಾಳಿದವರಿಗೆ ಕೊಬ್ಬರಿ ವಾಸನೆ ಒಂದು ವಾಸನೆಯೇ ಅಲ್ಲ, ಉಸಿರಾಡುವ ಗಾಳಿಯಲ್ಲೇ ಇರುತ್ತದೆ. ಆದರೆ ಇದು ಕೊಳೆತದ್ದು. ಸೆರಗನ್ನು ಮೂಗಿಗೆ ಒತ್ತಿಕೊಂಡು ಕೂತೆ. ವಹಾಬ್ ಮಾತ್ರ ಅದರೊಳಕ್ಕೆ ಮುಖ ಇಟ್ಟು, ಅಡುಗೆ ಮನೆಯಲ್ಲಿ ಸಾರು ಮೂಸುವವನ ಹಾಗೆ ಮೂಸಿ ನೋಡಿದ.

"ಥೂ, ಅದೇನು ಮೂಸ್ತೀಯಪ್ಪಾ?" ಅಂದೆ.

"ಸುಟ್ಟಿರೋ ವಾಸನೆ ಹುಡುಕ್ತಾ ಇದ್ದೀನಿ ಗುರುಶಾಂತಕ್ಕ. ಟ್ರಾನ್ಸ್‌ಫಾರ್ಮರ್ ಸುಟ್ಟಿದ್ರೆ ಇದನ್ನ ಇಲ್ಲೇ ಮಣ್ಣು ಮಾಡಬೇಕಾಗ್ತದೆ. ಸುಟ್ಟಿಲ್ಲ. ಬದುಕ್ತದೆ."

ವಹಾಬನ ರಿಪೇರಿ ಅಂಗಡಿಗೂ ನಾನು ಬಟ್ಟೆಗೆ ಕಾಜಾ ಹಾಕುವ ಹೊಲಿಗೆ ಅಂಗಡಿಗೂ ನಡುವೆ ಇರುವುದು ಒಂದು ಹಲಗೆ ಗೋಡೆ, ಅದೂ ಅರ್ಧಕ್ಕೇ ನಿಂತಿದೆ. ನನ್ನ ಕೈಗೆ ಕೆಲಸ, ಕಿವಿಗೆ ಬಿಡುವು. ಹಾಗಾಗಿ ಅವನ ಬದುಕೆಲ್ಲ ನನ್ನ ಕಿವಿಯ ಮೇಲೇ ಹಾದುಹೋಗಿದೆ. ಅವನ ಅಪ್ಪ ಮದುವೆ ಮನೆಗಳಿಗೆ ಮೈಕ್ ಸೆಟ್ ಕಟ್ಟುತ್ತಿದ್ದವರು. ಆಗಿನ ಆಂಪ್ಲಿಫೈಯರಿನ ಒಳಗೆ ಗಾಜಿನ ವಾಲ್ವುಗಳಿರುತ್ತಿದ್ದವು. ಒಲೆಗೆ ಬೆಂಕಿ ಹಾಕಿದ ಹಾಗೆ ಅವು ನಿಧಾನವಾಗಿ ಕಾದು ಕೆಂಪಾದ ಮೇಲೆಯೇ ದನಿ ಏಳುತ್ತಿತ್ತು. ಕಾಲ ಬದಲಾಗಿ ಎಲ್ಲರೂ ವಾಲ್ವು ಬಿಟ್ಟರು, ಇವನು ಬಿಡಲಿಲ್ಲ. ಹಾಸನ, ಅರಸೀಕೆರೆ ಕಡೆಯ ಆರ್ಕೆಸ್ಟ್ರಾದವರು ಹಳೆಯ ಗಿಟಾರ್ ಆಂಪ್ಲಿಫೈಯರು ಕೆಟ್ಟರೆ ಇಂದಿಗೂ ಇವನನ್ನೇ ಹುಡುಕಿಕೊಂಡು ಬರುತ್ತಾರೆ.

ಕೆಲಸಕ್ಕೆ ಕೂತರೆ ಎಡಗೈ ಬೆನ್ನ ಹಿಂದೆ. "ಆ ಕೈಗೆ ರಜಾ ಕೊಟ್ಟಿದ್ದೀಯಾ?" ಎಂದು ಹೊಸದರಲ್ಲಿ ಕೇಳಿದ್ದೆ. "ಎರಡೂ ಕೈ ಒಳಗಿಟ್ರೆ ಕರೆಂಟು ಎದೆ ಮೇಲೆ ಹಾದು ಹೋಗ್ತದೆ ಅಕ್ಕ. ಪ್ಲಗ್ ಕಿತ್ತಿದ್ರೂ ಕಂಡೆನ್ಸರ್ ಒಳಗೆ ಕರೆಂಟು ಕೂತಿರ್ತದೆ, ನಾಯಿ ಮಲಗಿದಂಗೆ," ಅಂದಿದ್ದ. ಅವನ ಹೆಂಡತಿ ಸುಮಯ್ಯ ಊಟ ತಂದಾಗ ಮೊದಲು ನೋಡುವುದು ಆ ಎಡಗೈಯನ್ನೇ.

ಪೆಟ್ಟಿಗೆ ತಂದವರು ದಬ್ಬೇಘಟ್ಟದ ಶ್ರೀರಂಗಯ್ಯ. ಹರೆಯದಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಆ ತಂಡ ಮುರಿದ ಮೇಲೆ ಅವರ ಆಂಪ್ಲಿಫೈಯರ್ ಅಟ್ಟ ಸೇರಿತು, ಉಂಡೆ ಕೊಬ್ಬರಿಗೆಂದು ಒಣಗಲು ಬಿಟ್ಟ ಕಾಯಿರಾಶಿಯ ಪಕ್ಕದಲ್ಲಿ. ಜೊತೆಗೆ ಬಂದವನು ಮಗ ದಯಾನಂದ. ಡಿಜೆ, ಶಾಮಿಯಾನ ಬಾಡಿಗೆ ಕೊಡುವವನು. ವಹಾಬನಿಗೆ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಅವನ ಡಿಜೆ ಸಾಮಾನಿನದೇ.

"ಕಿವಿ ಮಂದ ಆಯ್ತಾ ಐತೆ ಕಣಪ್ಪ ವಹಾಬೂ," ಅಂದರು ಶ್ರೀರಂಗಯ್ಯ. "ಬರೀ ಗಿಟಾರು ನುಡ್ಸಿದ್ರೆ ನಂಗೇ ಕೇಳಲ್ಲ. ಪೂರ್ತಿ ಹೋಗೋಕೆ ಮುಂಚೆ ನನ್ ಕೈ ಸದ್ದ ಇದ್ರಲ್ಲೇ ಇನ್ನೊಂದ್ಸಲ ಕೇಳ್ಬೇಕು. ಬ್ಯಾರೇದು ಬ್ಯಾಡ."

ವಹಾಬ್ ವಾಲ್ಯೂಮ್ ಬಿರಡೆ ತಿರುಗಿಸಲು ನೋಡಿದ. ಅಂಟಿಕೊಂಡಿತ್ತು. ಬೆರಳು ಮೂಸಿಕೊಂಡ.

"ಶ್ರೀರಂಗಣ್ಣ, ಇದಕ್ಕೇನು ಹಾಕಿದ್ದೀರ?"

"ಎಣ್ಣೆ. ಒಳ್ಳೇ ಗಾಣದ ಎಣ್ಣೆ ಕಣಪ್ಪ. ಕರಕರ ಅಂತಿತ್ತು."

"ಒಂದೇ ಸಲಾನಾ?"

"ಧನುರ್ಮಾಸ ಬಂದ್ರೆ ಬಿಗಿಯಾಗ್ಬುಡೋದು. ತಿರುಗ್ತಾನೇ ಇರ್ಲಿಲ್ಲ. ಆವಾಗೆಲ್ಲ ಇನ್ನೊಂದೀಟು ಬುಡ್ತಿದ್ದೆ."

ವಹಾಬ್ ಹಣೆ ಚಚ್ಚಿಕೊಂಡು ನಕ್ಕ. ಚಳಿಗೆ ಗಟ್ಟಿಯಾಗಿ ಬಿರಡೆ ಹಿಡಿದದ್ದೇ ಆ ಎಣ್ಣೆ. ಅದು ಬಿಡಲೆಂದು ಮತ್ತೆ ಅದೇ ಎಣ್ಣೆ! ನಮ್ಮ ಸೀಮೆಯವರಿಗೆ ಬಾಗಿಲ ಚಿಲಕಕ್ಕೂ, ಹೊಲಿಗೆ ಮಿಷನ್ನಿಗೂ, ಕೂಸಿನ ನೆತ್ತಿಗೂ ಒಂದೇ ಬಾಟಲಿ.

"ಜನ್ಮದಲ್ಲಿ ನೀವು ಎಣ್ಣೆ ಮುಟ್ದೋರಲ್ಲ. ಪೆಟ್ಟಿಗೆಗೆ ಹಿಂಗಾ ಕುಡಿಸೋದು?" ಅಂದ ವಹಾಬ್. ಶ್ರೀರಂಗಯ್ಯ ಎಲೆ ಅಡಿಕೆಯ ಬಾಯಲ್ಲಿ ಜೋರಾಗಿ ನಕ್ಕರು. ದಯಾನಂದ ಫೋನು ನೋಡುತ್ತ ನಿಂತಿದ್ದ.

ಮುಂದಿನ ದಿನಗಳಲ್ಲಿ ಆ ಹೊಲಸನ್ನೆಲ್ಲ ವಹಾಬ್ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೆಗೆದ. ಬಿರಡೆಯ ಒಳಭಾಗವನ್ನು ಸ್ಪಿರಿಟ್ಟಿನಲ್ಲಿ ತೊಳೆದ. ಆಮೇಲೆ ಒಂದು ಸಾದಾ ಬಲ್ಬಿನ ಮೂಲಕ ಪೆಟ್ಟಿಗೆಗೆ ಕರೆಂಟು ಕೊಟ್ಟ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಪೆಟ್ಟಿಗೆ ಉಳಿಯುತ್ತದೆ. ಬಲ್ಬು ಒಮ್ಮೆ ಮಿನುಗಿ ಮಂಕಾಯಿತು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಗುಂಯ್ ಎಂದಿತು.

"ಕಂಡೆನ್ಸರ್ರಾ?" ಅಂದೆ ಹಲಗೆಯ ಈಚೆಯಿಂದ. ಗುಂಯ್ ಅಂದರೆ ಕಂಡೆನ್ಸರ್, ಕರಕರ ಅಂದರೆ ಬಿರಡೆ ಎಂಬುದು ಕೇಳಿ ಕೇಳಿ ನನಗೂ ಬಂದಿತ್ತು.

"ಕಂಡೆನ್ಸರ್ರೇ." ಅದನ್ನು ಬದಲಾಯಿಸಿದ. ಪೆನ್ಸಿಲಿನಿಂದ ವಾಲ್ವುಗಳನ್ನು ಒಂದೊಂದಾಗಿ ತಟ್ಟಿದ. ಒಂದು ಮಾತ್ರ ಸ್ಪೀಕರಿನಲ್ಲಿ ಟಿಣ್ ಎಂದಿತು. ಅದರ ಜಾಗ ಬದಲಿಸಿದ, ಸುಮ್ಮನಾಯಿತು. ಸಂಜೆ ದಬ್ಬೇಘಟ್ಟಕ್ಕೆ ಫೋನು ಮಾಡಿ, "ಶ್ರೀರಂಗಣ್ಣ, ನಿಮ್ಮ ಪೆಟ್ಟಿಗೆ ಬಾಯಿ ಬಿಡ್ತು," ಎಂದ.

ತೆಗೆದುಕೊಂಡು ಹೋಗಲು ಮಗನೊಬ್ಬನೇ ಬಂದ.

"ವಹಾಬಣ್ಣ, ಈ ಹಳೇ ವಾಲ್ವು, ಟ್ರಾನ್ಸ್‌ಫಾರ್ಮರು, ಸ್ಪೀಕರಿಗೆ ಸಿಟಿಯೋರು ಮುಗಿಬೀಳ್ತಾರಂತೆ. ಎಲ್ಲಾ ಬಿಚ್ಚಿ ಕೊಡು. ಒಳಗೆ ನಮ್ ಡಿಜೆ ಬೋರ್ಡು ಒಂದು ಕೂರ್ಸಿ ಮಾಡಿಫೈ ಮಾಡ್ಬುಡು."

"ನಿಮ್ಮಪ್ಪಂಗೆ ಏನು ಹೇಳ್ತೀರ?"

"ಅಪ್ಪಂಗೆ ಕಿವೀನೇ ಸರ್ಯಾಗಿ ಕೇಳಲ್ಲ. ಎಂಥದೋ ಒಂದು ಸದ್ದು ಬಂದ್ರೆ ಸಾಕು."

ಆ ಮಾತು ಕೇಳಿ ನನಗೆ ಇಲಿಗೂಡು ಕಂಡ ದಿನಕ್ಕಿಂತ ಹೆಚ್ಚು ಹೇಸಿಗೆಯಾಯಿತು. ಅಪ್ಪನ ಕಿವಿ ಹೋಗುವುದನ್ನೇ ಕಾದು ಕೂತವನ ಮಾತದು.

"ಮಾಡಿಫೈ ಅನ್ನಬೇಡಿ," ಅಂದ ವಹಾಬ್. "ದನಿ ಒರಟಿದ್ರೆ ನಯ ಮಾಡ್ತೀನಿ, ಕೀರಲಿದ್ರೆ ತುಂಬ್ಕೊಡ್ತೀನಿ, ಅದು ಮಾಡಿಫೈ. ಇದು ಕರುಳು ಕಿತ್ತು ಹೊಟ್ಟು ತುಂಬೋ ಕೆಲಸ. ನಾನು ಮಾಡಲ್ಲ."

"ತಮಾಷೆಗಂದೆ ಬುಡಣ್ಣ!" ದಯಾನಂದ ಹಲ್ಲು ಕಿರಿದ. ಪೆಟ್ಟಿಗೆ ಎತ್ತಿಕೊಂಡು ಹೊರಡುವಾಗ, ಶೋಕೇಸಿಗೆ ಚೆನ್ನಾಗಿರುತ್ತವೆಂದು ಹೇಳಿ, ಮೂಲೆಯ ಡಬ್ಬದಲ್ಲಿದ್ದ ಸತ್ತ ವಾಲ್ವುಗಳನ್ನು ಕೇಳಿದ. ತಮಾಷೆ ಎಂಬ ಮಾತನ್ನು ನಂಬಿದ ವಹಾಬ್ ಕೊಟ್ಟುಬಿಟ್ಟ.

ಕೆಲವು ವಾರ ಕಳೆದು ಅದೇ ಪೆಟ್ಟಿಗೆ ಮತ್ತೆ ಬಂತು. ಗಿಟಾರನ್ನು ಬಗಲಿಗೆ ಹಾಕಿಕೊಂಡು ಶ್ರೀರಂಗಯ್ಯ ಮುಂದೆ, ಪೆಟ್ಟಿಗೆ ಹೊತ್ತ ದಯಾನಂದ ಹಿಂದೆ. ಮುದುಕರ ಮುಖ ಸಿಡಿಸಿಡಿ ಎನ್ನುತ್ತಿತ್ತು.

"ಏನ್ಲಾ ಮಾಡ್ದೆ ನನ್ ಪೆಟ್ಟಿಗೇನ? ಮುಂಚೆ ಎಲ್ಲಾ ಸ್ವಿಚ್ ಹಾಕಿ, ಎಲೆ ಅಡಿಕೆ ಮಡಿಸಿ ಬಾಯಿಗಿಟ್ಕಳಗಂಟ ಉಸಿರೇ ಬುಡ್ತಿರ್ಲಿಲ್ಲ. ಈಗ ಸ್ವಿಚ್ ಹಾಕ್ದೇಟ್ಗೆ ಕಿರ್ ಅಂತದೆ. ನಂಗೆ ಕಿವಿ ಹೋಗಿರ್ಬೋದು, ಬುದ್ಧಿ ಹೋಗಿಲ್ಲ ಕಣ್ಲಾ!"

ವಹಾಬ್ ದಯಾನಂದನನ್ನು ನೋಡಿದ. ದಯಾನಂದ ಅಪ್ಪನ ಹಿಂದೆ ನಿಂತು ಕಣ್ಣಲ್ಲೇ ಬೇಡುತ್ತಿದ್ದ. ಬೇಡುತ್ತಿದ್ದನೋ ಹೆದರಿಸುತ್ತಿದ್ದನೋ, ಎರಡೂ ಇತ್ತು. ಬಾಯಿ ಬಿಟ್ಟರೆ ಡಿಜೆ ಕೆಲಸ ನಾಳೆಯಿಂದ ಎದುರಿನ ರಿಪೇರಿ ಅಂಗಡಿಗೆ. ಬಿಡದಿದ್ದರೆ ಮುದುಕರಿಗೆ ಮೋಸ ಮಾಡಿದವನು ವಹಾಬನೇ ಎಂದಾಗುತ್ತದೆ. ನನ್ನ ಸೂಜಿ ನಿಂತುಹೋಯಿತು.

ವಹಾಬ್ ತಿರುಪುಳಿ ತೆಗೆದುಕೊಂಡು ಹಿಂದಿನ ಹಲಗೆ ಬಿಚ್ಚಿ, ಪೆಟ್ಟಿಗೆಯನ್ನು ಶ್ರೀರಂಗಯ್ಯನವರ ಕಡೆಗೆ ತಿರುಗಿಸಿದ.

ಒಳಗೆ ಅಂಗೈಯಗಲದ ಒಂದು ಹಸಿರು ಬೋರ್ಡು. ಅದರ ಪಕ್ಕ ವಹಾಬನ ಡಬ್ಬದ ಸತ್ತ ವಾಲ್ವುಗಳು. ಅವುಗಳ ಬುಡಕ್ಕೆ ಬಿಸಿ ಗಮ್ಮು ಸುರಿದು ದೀಪದ ಸರದ ಕೆಂಪು ಬಲ್ಬುಗಳನ್ನು ಅಂಟಿಸಲಾಗಿತ್ತು. ಗಮ್ಮು ಸಿಂಬಳದ ಹಾಗೆ ಇಳಿದು ಒಣಗಿತ್ತು. ಸ್ವಿಚ್ ಹಾಕಿದರೆ ಎಲ್ಲ ಕೆಂಪಗೆ ಹೊಳೆದವು. ಶ್ರೀರಂಗಯ್ಯ ಮೆಲ್ಲಗೆ ಒಂದು ಗಾಜು ಮುಟ್ಟಿದರು.

"ತಣ್ಣಗೈತೆ," ಅಂದರು. "ಹೆಣ ಮುಟ್ದಂಗೈತೆ."

"ಇದು ನನ್ನ ಕೈ ಕೆಲಸ ಅಲ್ಲ ಶ್ರೀರಂಗಣ್ಣ," ಅಂದ ವಹಾಬ್. "ಸತ್ತ ವಾಲ್ವು ಮಾತ್ರ ನಂದೇ. ಕೇಳಿದ್ರು, ಕೊಟ್ಟೆ."

ಮುದುಕರು ಮಗನ ಕಡೆ ತಿರುಗಿದರು. "ಎಲ್ಲೈತ್ಲಾ ಒಳಗಿಂದು?"

"ಕೊರಿಯರ್ ಆಗೋಯ್ತಪ್ಪ. ಯಾರೋ ಸಿಟಿಯೋನು ತಗೊಂಡ. ಈಗೇನು, ಇದ್ರಲ್ಲೂ ಸದ್ದು ಬತ್ತದಲ್ಲ! ಇನ್ನೂ ಜೋರಾಗೇ ಬತ್ತದೆ."

ಶ್ರೀರಂಗಯ್ಯ ಕೆಮ್ಮಿ, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಮೋರಿಗೆ ಉಗಿದು ಬಂದರು. "ಎತ್ಕಂಡೋಗು ಇದ್ನ. ನನ್ ಕಣ್ ಮುಂದೆ ಇಡ್ಬ್ಯಾಡ," ಎಂದಷ್ಟೇ ಹೇಳಿ, ಬಸ್ ಸ್ಟ್ಯಾಂಡಿನ ಕಡೆ ಒಬ್ಬರೇ ನಡೆದರು.

ದಯಾನಂದನ ಕೆಲಸ ಮಾರನೆಯ ದಿನದಿಂದಲೇ ಎದುರಂಗಡಿಗೆ ಹೋಯಿತು. ಕೆಂಪು ದೀಪದ ಆ ಪೆಟ್ಟಿಗೆಯನ್ನು ಅವನು ತನ್ನ ಡಿಜೆ ಅಂಗಡಿಯ ಮುಂದೆ ಇಟ್ಟ. ಜನ ಅದರ ಪಕ್ಕ ನಿಂತು ಫೋಟೋ ಹಿಡಿಸಿಕೊಂಡರು. ಆ ಕಡೆ ಹೋಗಬೇಕಾದರೆ ನಾನು ಸುತ್ತು ಬಳಸಿ ಹೋಗುತ್ತೇನೆ.

ವಹಾಬ್ ಮಾತ್ರ ತನ್ನ ಅಪ್ಪನ ಕಾಲದ ಮೈಕ್ ಸೆಟ್ಟಿನ ಆಂಪ್ಲಿಫೈಯರನ್ನು ಕೆಳಗಿಳಿಸಿದ. ಅದು ಮಾತಿಗೆಂದು ಮಾಡಿದ ವಾಲ್ವು ಪೆಟ್ಟಿಗೆ. ಗಿಟಾರ್ ಹಾಕಿದರೆ ತಗಡು ಬಡಿದ ಹಾಗೆ ಕೇಳುತ್ತಿತ್ತು. ಗಿಟಾರಿನ ವಯರು ಸಿಕ್ಕಿಸುವ ಕಡೆ ಹೊಸದಾಗಿ ಕಟ್ಟಿದ. ಒಂದು ಕಂಡೆನ್ಸರ್ ಹಾಕಿ ಕೇಳುವನು, ತಲೆಯಾಡಿಸಿ ತೆಗೆಯುವನು, ಇನ್ನೊಂದು ಹಾಕುವನು. "ಈಗ ಹೆಂಗೈತೆ ಅಕ್ಕ?" "ಇನ್ನೂ ಮೂಗಿನಲ್ಲಿ ಮಾತಾಡ್ತದೆ." ಮತ್ತೆ ಬಿಚ್ಚುವನು. ದನಿ ಮೂಗಿನಿಂದ ಎದೆಗೆ ಇಳಿದ ದಿನ ಶ್ರೀರಂಗಯ್ಯನವರನ್ನು ಕರೆಸಿದ.

ಅವರು ಕೂತು, ಕಿವಿಯನ್ನು ಸ್ಪೀಕರಿನ ಹತ್ತಿರ ಬಾಗಿಸಿ ನುಡಿಸಿದರು. ಬೆರಳು ಅಲ್ಲಲ್ಲಿ ತಡವರಿಸಿತು. ಬಹಳ ಹೊತ್ತಿನ ಮೇಲೆ, "ನಂದಲ್ಲ," ಅಂದರು. "ಆದ್ರೆ ನನ್ ಕೈ ಕೇಳ್ತೈತೆ."

"ತಗೊಂಡೋಗಿ ಅಣ್ಣ."

"ಬ್ಯಾಡ. ಮನೇಗೆ ತಗೊಂಡೋದ್ರೆ ಇದ್ನೂ ಮಾರ್ಕತಾನೆ. ಇಲ್ಲೇ ಇರ್ಲಿ, ನಾನೇ ಬತ್ತೀನಿ."

ಹಾಗೆ ಅವರು ಬಸ್ಸಿನಲ್ಲಿ ಬಂದು ನುಡಿಸಿ ಹೋಗತೊಡಗಿದರು. ಮೊನ್ನೆ ಹೀಗೆ ನುಡಿಸುತ್ತಿದ್ದಾಗ ಬಾಗಿಲಲ್ಲಿ ದಯಾನಂದ ನಿಂತಿದ್ದ. ನಾಚಿಕೆ ಬಂದು ಬಂದನೇನೋ ಎಂದುಕೊಂಡೆ. ಫೋನು ಮೇಲೆತ್ತಿ ವಿಡಿಯೋ ಮಾಡುತ್ತಿದ್ದ.

"ವಹಾಬಣ್ಣ, ಆ ಟ್ಯೂಬ್‌ಲೈಟ್ ಒಸಿ ಆರ್ಸು, ವಾಲ್ವು ಕೆಂಪಗೆ ಕಾಣ್ಲಿ. ಅಪ್ಪಾ, ಈ ಕಡೆ ನೋಡು, ಒಂಚೂರು ನಗು. ರೀಲ್ಸ್‌ಗೆ ಹಾಕ್ತೀನಿ, ನಮ್ ಅಂಗಡಿ ಹೆಸ್ರೂ ಬತ್ತದೆ."

ಕೊಳೆತದ್ದು ಕಂಡರೆ ದೂರ ಎಸೆಯುತ್ತಾರೆ. ಮಗನನ್ನು ಎಲ್ಲಿಗೆ ಎಸೆಯುವುದು?

ಅಪ್ಪನಿಗೆ ಅವನ ಮಾತು ಕೇಳಿಸಿತೋ ಇಲ್ಲವೋ, ತಲೆ ಎತ್ತಲಿಲ್ಲ. ವಹಾಬ್ ಎದ್ದು ಹೋಗಿ, ದಯಾನಂದನ ಮುಖದ ಮುಂದೆಯೇ ಷಟರ್ ಎಳೆದ. ಒಳಗಿನಿಂದ ತಂತಿ ನಿಲ್ಲದೆ ನುಡಿಯುತ್ತಿತ್ತು.