ಕಡತದ ಕೊನೆಯ ಸಾಲು

ಮೇಲಿನ ಮಹಡಿಯ ಮೂಲೆಕೋಣೆಯಲ್ಲಿ ಸಮುದ್ರ ಸಾಕಿಕೊಂಡಿದ್ದ ಈಕೆಯನ್ನು ಕಚೇರಿಯವರು ಸಮುದ್ರದಕ್ಕ ಎನ್ನುತ್ತಿದ್ದರು. ಸಮುದ್ರವೆಂದರೆ ಕಂಪ್ಯೂಟರಿನೊಳಗೆ ಲೆಕ್ಕದಿಂದ ಕಟ್ಟಿದ್ದು, ನಿಜವಾದದ್ದರಲ್ಲಿ ಮಹಾತಾಯಿ ಪಾದ ಕೂಡ ತೋಯಿಸಿದವಳಲ್ಲ. ಅದರಲ್ಲಿ ತೇಲುವ ಸೂಕ್ಷ್ಮಜೀವಿಗಳಿಗೆ ಹೆಸರಿಲ್ಲ, ಕುಲಗೋತ್ರವಿಲ್ಲ. ಗಾತ್ರವೇ ಹಣೆಬರಹ: ಚಿಕ್ಕದು ಬೇಗ ಬೆಳೆಯುತ್ತದೆ, ದೊಡ್ಡದು ನಿಧಾನ, ಕೈಗೆ ಸಿಕ್ಕ ಚಿಕ್ಕದನ್ನು ದೊಡ್ಡದು ನುಂಗುತ್ತದೆ. ಕಚೇರಿಯೂ ಹಾಗೆಯೇ ಎಂದು ಅಕ್ಕ ಒಮ್ಮೆ ತಮಾಷೆ ಮಾಡಿದ್ದಳು. ಕೇಳಲು ಕೋಣೆಯಲ್ಲಿ ಯಾರೂ ಇರಲಿಲ್ಲ.

ಹೊರಗಿನ ಕಡಲು ಚಳಿ ಕಳೆದೊಡನೆ ಈ ಜೀವಿಗಳು ಹೆಚ್ಚಿ ಹಸಿರಾಗುವುದು ಉಪಗ್ರಹದ ಚಿತ್ರಗಳಲ್ಲಿ ಎದ್ದು ಕಾಣುತ್ತಿತ್ತು. ಇವಳದ್ದು ಮಾತ್ರ ಎಂಟು ವರ್ಷವಾದರೂ ಜಪ್ಪಯ್ಯ ಅಂದರೂ ಹಸಿರಾಗಲಿಲ್ಲ. ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ಯೋಜನೆ ಮುಚ್ಚುವುದಾಗಿ ನಿರ್ದೇಶಕರು ಹೇಳಿಬಿಟ್ಟರು. ಗಂಡನಿಲ್ಲ, ಮಕ್ಕಳಿಲ್ಲ, ತಂಗಿಯ ಫೋನು ವರ್ಷಕ್ಕೆ ಎರಡು ಸಲ. ಇದೂ ಹೋದರೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುವುದೆಂದು ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು.

ಎಲ್ಲ ಜಾಲಾಡಿದ ಮೇಲೆ ಉಳಿದದ್ದು ಅಳತೆಯ ಕಡತಗಳು. ಕೆಳಮಹಡಿಯಲ್ಲಿ ಹಿರಿಯರೊಬ್ಬರು ಸೂಕ್ಷ್ಮದರ್ಶಕದ ಮುಂದೆ ಕೂತು ಜೀವಿಗಳನ್ನು ಅಳೆದು ವಾರಕ್ಕೊಂದು ಕಡತ ಕಳಿಸುತ್ತಿದ್ದರು. ಕೆಡದಂತೆ ಹಾಕುವ ದ್ರಾವಣದಲ್ಲಿ ಜೀವಿಗಳು ಕುಗ್ಗುತ್ತವೆ. ಅದಕ್ಕೆ ಇವಳ ಪ್ರೋಗ್ರಾಂ ಪ್ರತಿ ಅಳತೆಯನ್ನೂ ಅಷ್ಟಷ್ಟು ಹಿಗ್ಗಿಸುತ್ತಿತ್ತು. ಅಂಕಿಯಿಲ್ಲದ ಸಾಲು ಬಂದರೆ ಕಸವೆಂದು ದಾಟಿಹೋಗುವಂತೆಯೂ ಅವಳೇ ಬರೆದಿದ್ದಳು. ಈಗ ಮೊದಲ ಬಾರಿ ಹಳೆಯ ಕಡತವೊಂದನ್ನು ತಾನೇ ತೆರೆದು ಓದಿದಳು. ಕೊನೆಯಲ್ಲೊಂದು ಸಾಲಿತ್ತು: 'ಕುಗ್ಗಿದ್ದನ್ನು ಸೇರಿಸಿಯೇ ಬರೆದಿದ್ದೇನೆ. ಅನುಮಾನವಿದ್ದರೆ ಕೆಳಗೆ ಬನ್ನಿ, ಚಹಾ ಕುಡಿಯೋಣ.'

ಹಿಗ್ಗಿಸಿದ್ದನ್ನೇ ಮತ್ತೆ ಹಿಗ್ಗಿಸಿ, ಪಾಪ, ಚಿಕ್ಕವನ್ನೆಲ್ಲ ನಿಧಾನ ಬೆಳೆಯುವ ದಡಿಯರನ್ನಾಗಿ ಮಾಡಿಟ್ಟಿದ್ದಳು. ಆ ಲೆಕ್ಕ ಅಳಿಸಿ ಓಡಿಸಿದಾಗ ಮಧ್ಯಾಹ್ನದ ಹೊತ್ತಿಗೆ ಸಮುದ್ರ ಹಸಿರಾಯಿತು. ಸಂತೋಷ ಹೇಳಿಕೊಳ್ಳಲು ಯಾರೂ ಕಾಣದೆ ಉಳಿದ ಕಡತಗಳನ್ನು ಮೊದಲಿನಿಂದ ತೆರೆಯತೊಡಗಿದಳು. 'ನಿಮ್ಮ ಸಮುದ್ರ ಹಸಿರಾಯಿತೇ?' 'ಇವತ್ತು ಚೆಂದದ್ದೊಂದು ಸಿಕ್ಕಿದೆ, ನೋಡಲು ಬನ್ನಿ.' ವಾರಕ್ಕೊಂದರಂತೆ ವರ್ಷಗಟ್ಟಲೆ ಕರೆದಿದ್ದರು. ಕೊನೆಯ ಕಡತಗಳನ್ನು ತೆರೆಯುವಷ್ಟೂ ತಡೆಯದೆ, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದಳು.

ಸೂಕ್ಷ್ಮದರ್ಶಕದ ಮುಂದೆ ಬೇರೊಬ್ಬ ಹೆಂಗಸಿದ್ದಳು.

"ಅವರು ರಿಟೈರ್ ಆಗಿ ನಾಲ್ಕು ತಿಂಗಳಾಯ್ತಲ್ಲ ಮೇಡಂ. ಇದೇ ಬಿಲ್ಡಿಂಗಲ್ಲಿದ್ದೀರಿ, ಗೊತ್ತಾಗಲಿಲ್ವಾ?"

"ಬೀಳ್ಕೊಡುಗೆ ಮಾಡಿದ್ರಾ?"

"ಮಾಡಿದ್ರು. ಮೇಲಿನ ಮಹಡಿಯವರು ಬರ್ಲಿ ಅಂತ ಅವರೇ ಎಲ್ಲರನ್ನೂ ಅರ್ಧ ಗಂಟೆ ಕಾಯ್ಸಿದ್ರು. ಕಡತದಲ್ಲಿ ಬರೆದಿದ್ದೀನಿ, ಓದಿರ್ತಾರೆ, ಬಂದೇ ಬರ್ತಾರೆ ಅಂತಿದ್ರು."