ಹನುಮಯ್ಯ ಬಿಗಿದ ನಟ್ಟು

ಹನುಮಯ್ಯ ಬಿಗಿದ ನಟ್ಟನ್ನು ಬಿಚ್ಚಬೇಕಾದರೆ ಹನುಮಯ್ಯನೇ ಬರಬೇಕು ಅಂತ ಯಶವಂತಪುರದ ಲಾರಿ ಡ್ರೈವರುಗಳು ಹೇಳುತ್ತಿದ್ದರು. ಅದು ಹೊಗಳಿಕೆಯೋ ಗೇಲಿಯೋ ಎಂದು ಅವನು ವಿಚಾರಿಸಲು ಹೋಗಲಿಲ್ಲ. ಹೊಗಳಿಕೆ ಅಂತಲೇ ಇಟ್ಟುಕೊಂಡಿದ್ದ. ವೀಲ್ ಸ್ಪ್ಯಾನರಿನ ಹಿಡಿಗೆ ನಾಲ್ಕಡಿ ಕಬ್ಬಿಣದ ಪೈಪು ತೊಡಿಸಿ, ಅದರ ತುದಿಯ ಮೇಲೆ ಹತ್ತಿ ನಿಂತು ಎರಡು ಸಲ ಕುಣಿಯುವುದು ಅವನ ಪದ್ಧತಿ. ಆಮೇಲೆ ಬಿಗಿದಾಯಿತು ಅನ್ನುವ ಗುರುತಿಗೆ ಪ್ರತಿ ನಟ್ಟಿನ ಮೇಲೂ ಹಳದಿ ಪೇಂಟಿನ ಗೀಟು. ಅರವತ್ತೊಂದು ತುಂಬಿದರೂ ಕುಣಿತ ನಿಂತಿರಲಿಲ್ಲ.

“ಈ ವಯಸ್ಸಲ್ಲಿ ಇಂಗೆ ಕುಣೀತಾ ಇದ್ರೆ ನಿನ್ ಸೊಂಟ ಮುರೀತದೆ ನೋಡ್ತಾ ಇರು,” ಎಂದು ಹೆಂಡತಿ ಮಾರಕ್ಕ ಬೈಯುತ್ತಿದ್ದಳು.

ಅವಳು ಹೇಳುವುದರಲ್ಲಿ ತಪ್ಪೇನಿಲ್ಲ. ಅವನ ಊರು ಶೆಟ್ಟಿಹಳ್ಳಿಯ ಹೊಲ ಸೈಟುಗಳಾಗಿ, ಅಣ್ಣತಮ್ಮಂದಿರೆಲ್ಲ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಹನುಮಯ್ಯನಿಗೂ ಎರಡು ಮನೆಯ ಬಾಡಿಗೆ ಬರುತ್ತದೆ, ಕಾಲು ಚಾಚಿ ಕೂತರೆ ಬೇಡ ಅನ್ನುವವರಿಲ್ಲ. ಆದರೂ ಬೆಳಗಾದರೆ ಎದ್ದು ಯಶವಂತಪುರದ ತನ್ನ ಚಕ್ರದ ಅಂಗಡಿಗೆ ಹೊರಡುತ್ತಾನೆ. ಯಾಕೆ ಅಂತ ಕೇಳಿದರೆ ಸುಮ್ಮನೆ ನಗುತ್ತಾನೆ. ಕಾರಣವನ್ನು ಅವನು ಮಾರಕ್ಕನಿಗೂ ಹೇಳಿರಲಿಲ್ಲ.

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಗೆಳೆಯ ಮೆಹಬೂಬ್ ಪಾಷಾನ ಲಾರಿಗೆ ಮುಂದಿನ ಚಕ್ರ ಕೂರಿಸುತ್ತಿದ್ದ. ಎಂಟು ನಟ್ಟನ್ನೂ ಬೆರಳಲ್ಲಿ ತಿರುಗಿಸಿ ನಿಲ್ಲಿಸಿದ್ದನಷ್ಟೆ, ಊರಿಂದ ಸೈಕಲ್ ತುಳಿದುಕೊಂಡು ಬಂದ ಒಬ್ಬ, “ಸರ್ವೇಯೋರು ಬಂದು ನಿಮ್ ಒಲ ಅಳೀತಾವ್ರೆ, ಬೇಗ ಬಾ,” ಅಂದ. ಹನುಮಯ್ಯ ಬಿದ್ದಂಬೀಳ ಓಡಿದ. ವಾಪಸ್ಸು ಬಂದಾಗ ತಲೆ ತುಂಬ ಹೊಲವೇ ಇತ್ತು. ಸ್ಪ್ಯಾನರ್ ಹಾಕಿ ಆಗಿದೆ ಅಂದುಕೊಂಡು ಜಾಕ್ ಇಳಿಸಿಬಿಟ್ಟ. ನೆಲಮಂಗಲ ದಾಟುವಷ್ಟರಲ್ಲಿ ಚಕ್ರ ಕಳಚಿ, ಲಾರಿ ಹಳ್ಳಕ್ಕೆ ಉರುಳಿ, ಪಾಷಾನ ಎಡಗಾಲು ಮುರಿಯಿತು. ಎಲ್ಲರೂ ಹಾಳು ರಸ್ತೆಯನ್ನು ಬೈದರು. ಹನುಮಯ್ಯನೂ ಅವರ ಜೊತೆ ಸೇರಿಕೊಂಡು ರಸ್ತೆಯನ್ನು ಬೈದ.

ಪೈಪು, ಕುಣಿತ, ಹಳದಿ ಗೀಟು ಎಲ್ಲ ಶುರುವಾಗಿದ್ದು ಅಲ್ಲಿಂದ. ಪಾಷಾ ಕಾಲು ಎಳೆಯುತ್ತಾ ಮತ್ತೆ ಲಾರಿ ಹತ್ತಿದ, ಚಕ್ರದ ಕೆಲಸಕ್ಕೆ ಮತ್ತೆ ಹನುಮಯ್ಯನ ಹತ್ತಿರವೇ ಬಂದ. ಬೇರೆ ಯಾರ ಹತ್ತಿರವೂ ಹೋಗಲಿಲ್ಲ. ಅವನು ಬಂದಾಗಲೆಲ್ಲ ಹನುಮಯ್ಯನಿಗೆ ಒಳಗೊಳಗೇ ಚುಚ್ಚುತ್ತಿತ್ತು. ಹೇಳಿಬಿಡಬೇಕು ಅಂತ ಬಾಯಿಗೆ ಬಂದದ್ದನ್ನು ಎಷ್ಟೋ ಸಲ ಟೀ ಜೊತೆ ನುಂಗಿಕೊಂಡಿದ್ದ. ಹೇಳಿದರೆ ಗೆಳೆತನ ಉಳಿಯುತ್ತದೆಯೇ ಅನ್ನುವ ಭಯ.

ಹೋದ ಮಂಗಳವಾರ ಬೆಳಗ್ಗೆ ಪಾಷಾ ಫೋನ್ ಮಾಡಿದ. “ಹನುಮಣ್ಣ, ಇಲ್ಲೇ ಸಿಂಗಾಪುರ ಲೇಔಟಲ್ಲಿದ್ದೀನಿ. ಇಟ್ಟಿಗೆ ಇಳಿಸಿ ಹೊರಟೆ, ಮುಂದಿನ ಟೈರ್ ಪಂಕ್ಚರ್. ನಿನ್ ನಟ್ಟು ನನ್ ಕೈಲಿ ಬಿಚ್ಚಕ್ಕಾಗ್ತಿಲ್ಲ ಕಣೋ.”

ಹನುಮಯ್ಯ ಸಾಮಾನಿನ ಚೀಲ, ಪೈಪು ಎಲ್ಲ ಆಟೋದಲ್ಲಿ ಹಾಕಿಕೊಂಡು ಹೊರಟ. ಸುಳ್ಳು ಯಾಕೆ, ದಾರಿಯುದ್ದಕ್ಕೂ ಅವನಿಗೆ ಹೆಮ್ಮೆಯೇ ಆಗುತ್ತಿತ್ತು.

ಅಲ್ಲಿ ಹೋಗಿ ನೋಡಿದರೆ ಪಾಷಾ ಮೋರಿಕಲ್ಲಿನ ಮೇಲೆ ಕೂತು ಎಡಮಂಡಿ ನೀವಿಕೊಳ್ಳುತ್ತಿದ್ದ. ಪ್ಯಾಂಟು ಹರಿದು ರಕ್ತ ಒಸರಿತ್ತು. ಐದು ನಟ್ಟು ಹೇಗೋ ಬಿಚ್ಚಿದ್ದ. ಆರನೆಯದಕ್ಕೆ ಹನುಮಯ್ಯನ ಹಾಗೆಯೇ ಸ್ಪ್ಯಾನರ್ ಹತ್ತಿ ನಿಂತಿದ್ದ. ಅದು ಜಾರಿ, ಹಿಂದೆ ಮುರಿದಿದ್ದ ಕಾಲಿನ ಮೇಲೆಯೇ ಬಿದ್ದಿದ್ದ.

“ನಿನ್ ತರ ಕುಣಿಯಕ್ಕೆ ಹೋದೆ,” ಅಂತ ಪಾಷಾ ನಕ್ಕ. ಹನುಮಯ್ಯನಿಗೆ ನಗು ಬರಲಿಲ್ಲ.

ಉಳಿದ ಮೂರು ನಟ್ಟಿನ ಬುಡದ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿದ. ಸೀಮೆಎಣ್ಣೆ ಬಿಟ್ಟು, ಸುತ್ತಲೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಎಣ್ಣೆ ಒಳಗಿಳಿಯಲಿ ಅಂತ ಕಾದ. ಆಮೇಲೆ ಸ್ಪ್ಯಾನರ್ ಹಾಕಿ ಮೊದಲು ಕೊಂಚ ಬಿಗಿಯುವ ಕಡೆಗೇ ಒತ್ತಿದ, ನಂತರ ಬಿಚ್ಚುವ ಕಡೆಗೆ. ಎರಡು ನಟ್ಟು ಕಿರ್ ಅಂತ ಬಂದವು. ಮೂರನೆಯದು, ಪಾಷಾ ಬಿಚ್ಚಲು ಹೋಗಿ ಜಾರಿದ್ದ ನಟ್ಟು, ಮೂಲೆಗಳೆಲ್ಲ ಸವೆದು ಗುಂಡಗಾಗಿತ್ತು. ಅದರ ಮೇಲೆ ಹಳದಿ ಗೀಟು ಇನ್ನೂ ಹೊಳೆಯುತ್ತಿತ್ತು. ಆ ಗೀಟಿನ ಮೇಲೆಯೇ ಉಳಿ ಇಟ್ಟು ಹೊಡೆದು ಹೊಡೆದು ನಟ್ಟನ್ನು ಸೀಳಿದ.

ಸೀಳಿದ ಮೇಲೆ ಬಗ್ಗಿ ನೋಡಿದ. ನಟ್ಟು ಕೂರುವ ಬೋಲ್ಟಿನ ತಿರುಪಿನ ಎಳೆಗಳು ಸವೆದುಹೋಗಿದ್ದವು, ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ವರ್ಷಗಟ್ಟಲೆ ಅದರ ಮೇಲೆ ಕುಣಿದವನು ತಾನೇ. ಚಕ್ರ ಕಳಚಬಾರದು ಅಂತ ಕುಣಿದು ಕುಣಿದು ಮತ್ತೊಮ್ಮೆ ಕಳಚುವುದಕ್ಕೆ ದಾರಿ ಮಾಡಿಟ್ಟಿದ್ದ. ಅಷ್ಟು ಹೊತ್ತೂ ಅವನು ಪಾಷಾನ ಮುಖ ನೋಡಲಿಲ್ಲ.

ಬೇರೆ ಚಕ್ರ ಹಾಕಿ ಏಳು ನಟ್ಟು ಕೂರಿಸಿದ. ರೂಢಿಯಂತೆ ಪೈಪು ತೊಡಿಸಿ ಕಾಲೆತ್ತಿದವನು ಹಾಗೇ ನಿಂತ. ಆಮೇಲೆ ಪೈಪು ಕಳಚಿ ಚೀಲಕ್ಕೆ ತುರುಕಿ, ಬರಿಯ ತೋಳಿನ ಬಲದಲ್ಲಿ ಎದುರುಬದುರು ನಟ್ಟುಗಳನ್ನು ಎರಡು ಸುತ್ತು ಬಿಗಿದ. ಇಷ್ಟಕ್ಕೇ ನಿಲ್ಲಿಸಲು ಮನಸ್ಸೊಪ್ಪದೆ ಸ್ಪ್ಯಾನರನ್ನು ಇನ್ನೊಮ್ಮೆ ಇಟ್ಟು, ತೆಗೆದ.

“ಒಂದು ಬೋಲ್ಟು ಹೋಗ್ಯದೆ. ಅಂಗಡೀಲಿ ಬದಲಾಯಿಸ್ತೀನಿ. ಮೆಲ್ಲಗೆ ಓಡ್ಸು, ನಾನೂ ಬತ್ತೀನಿ,” ಅಂದ.

ಗಂಗಮ್ಮ ಸರ್ಕಲ್ ದಾಟಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಲಾರಿ ನಿಲ್ಲಿಸಲು ಹೇಳಿ, ಇಳಿದು ಏಳೂ ನಟ್ಟಿಗೆ ಸ್ಪ್ಯಾನರ್ ಇಟ್ಟು ನೋಡಿದ. ಒಂದೂ ಕದಲಿರಲಿಲ್ಲ. ಮತ್ತೆ ಹತ್ತಿ ಕೂತವನು ಬಾಗಿಲು ಹಾಕಲಿಲ್ಲ.

“ಪಾಷಾ, ಆವತ್ತು ನೆಲಮಂಗಲದಲ್ಲಿ ತಪ್ಪು ರಸ್ತೇದಲ್ಲ. ನಾನು ಸ್ಪ್ಯಾನರ್ ಹಾಕಿರ್ಲಿಲ್ಲ. ಮರ್ತಿದ್ದೆ.”

ಪಾಷಾ ಸ್ಟೇರಿಂಗ್ ಮೇಲೆ ಕೈಯಿಟ್ಟು ಎದುರಿನ ರಸ್ತೆಯನ್ನೇ ನೋಡುತ್ತಿದ್ದ. “ಗೊತ್ತು,” ಅಂದ. “ಲಾರಿ ಎತ್ತಿದಾಗ ಒಂದು ಬೋಲ್ಟೂ ಮುರಿದಿರ್ಲಿಲ್ಲ. ನಟ್ಟು ತಾನಾಗೇ ಬಿಚ್ಕೊಂಡಿತ್ತು. ಎತ್ತಿದೋರು ಆಸ್ಪತ್ರೇಲಿ ಹೇಳ್ದಾಗಲೇ ನಂಗೆ ಗೊತ್ತಾಯ್ತು.”

“ಮತ್ಯಾಕೆ ನನ್ನತ್ರಾನೇ ಬತ್ತಿದ್ದೆ?”

“ಒಂದ್ಸಲ ಮರೆತೋನು ಮತ್ತೆ ಮರೆಯಲ್ಲ ಅಂತ. ನೀನು ಮಾತ್ರ ಇಷ್ಟು ವರ್ಷ ಇದನ್ನ ಹೊತ್ಕೊಂಡು ಕುಣೀತಿದ್ದೀಯ ಅಂತ ಗೊತ್ತಿರ್ಲಿಲ್ಲ ಕಣೋ. ಗೊತ್ತಿದ್ದಿದ್ರೆ ಆವತ್ತೇ ಹೇಳ್ತಿದ್ದೆ. ಬಾಗಿಲು ಹಾಕು, ಹಿಂದೆ ಬಸ್ಸು ನಿಂತಿದೆ.”

ಹನುಮಯ್ಯ ಬಾಗಿಲು ಹಾಕಿದ. ಅಂಗಡಿ ಬರುವವರೆಗೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದ, ಪಾಷಾ ನೋಡಿದರೂ ನೋಡದವನಂತೆ ಓಡಿಸಿದ.

ಅಂಗಡಿಯಲ್ಲಿ ಹೊಸ ಬೋಲ್ಟು ಹಾಕಿ, ಎಂಟೂ ನಟ್ಟನ್ನು ತೋಳಿನ ಬಲದಲ್ಲೇ ಬಿಗಿದು, ಹನುಮಯ್ಯ ಸ್ಪ್ಯಾನರನ್ನು ಪಾಷಾನ ಕೈಗೆ ಕೊಟ್ಟ. “ಒಂದು ಬಿಚ್ಚು ನೋಡಾನ.”

ಪಾಷಾ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಲ್ಲಿಂದಲೇ ಒಂದು ನಟ್ಟು ಬಿಚ್ಚಿದ. ಮತ್ತೆ ಅವನೇ ಅದನ್ನು ಬಿಗಿದ. ಹನುಮಯ್ಯ ಅದನ್ನು ಪರೀಕ್ಷಿಸಲು ಹೋಗದೆ, ಅದರ ಮೇಲೆ ಹಳದಿ ಗೀಟು ಎಳೆದ.