ತೊಟ್ಟಿಲ ಹಗ್ಗದ ಇಂಗ್ಲಿಷು

ಕಲಘಟಗಿಗೆ ನಾನು ಸೊಸೆಯಾಗಿ ಬಂದ ಎಂಬತ್ತರ ದಶಕದ ಮಾತು. ಆ ಬೆಳಿಗ್ಗೆಯೂ ಎಂದಿನಂತೆ ಒಲೆ ಹೊತ್ತಿಸಿ, ಜೋಳದ ಹಿಟ್ಟು ನಾದಿಕೊಂಡು ಕೂತಿದ್ದೆ. ತೊಟ್ಟಿಲು ಪಡಸಾಲೆಯಲ್ಲಿ. ಅದರ ಹಗ್ಗ ಹೊಸ್ತಿಲು ದಾಟಿ ಅಡುಗೆಮನೆಗೆ ಬಂದು ನನ್ನ ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡಿತ್ತು. ನಮ್ಮ ಓಣಿಯ ಸೊಸೆಯಂದಿರೆಲ್ಲ ಹೀಗೇ. ಕೈ ರೊಟ್ಟಿ ಬಡಿಯುತ್ತದೆ, ಕಾಲು ಕೂಸನ್ನು ತೂಗುತ್ತದೆ.

ಎಂದಿನದಲ್ಲದ್ದು ಒಂದೇ. ಬಾಜೂಮನೆಯ ಹುಡುಗಿ, ಇಂಗ್ಲಿಷಿನಲ್ಲಿ ಫೇಲಾಗಿ ಮತ್ತೆ ಎಸ್ಸೆಸ್ಸೆಲ್ಸಿಗೆ ಕೂರುವವಳು, ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕಾನ್ವೆಂಟಿನಲ್ಲಿ ಕಲಿತದ್ದನ್ನು ಯಾರಿಗಾದರೂ ಕಲಿಸಬೇಕೆಂದು ಮದುವೆಯಾದಾಗಿನಿಂದ ನನ್ನಾಸೆ. ಅತ್ತೆ ಒಪ್ಪಿದ್ದು ಕರಾರಿನ ಮೇಲೆ: “ಕೂಸು ಅಳಬಾರ್ದು, ರೊಟ್ಟಿ ಹೊತ್ತಬಾರ್ದು. ಎರಡರಾಗ ಒಂದಾದ್ರೂ ನಿನ್ನ ಪಾಠ ಇವತ್ತಿಗೇ ಬಂದ್.”

ಹುಡುಗಿ ಬೆರಳಿಟ್ಟು ತೋರಿಸಿದ ಶಬ್ದ ‘ಪರ್ಟೇನ್’. “ಗೈಡಿನ್ಯಾಗ ‘ಸಂಬಂಧಪಡು’ ಅಂತೈತ್ರಿ ಅಕ್ಕಾರ. ಅಂದ್ರ ಬೀಗರಾಗೂದೇನ್ರಿ?”

ನಗು ತಡೆದುಕೊಂಡು, ನಮ್ಮ ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟದ್ದನ್ನು ಹೇಳಿದೆ. ಲ್ಯಾಟಿನ್ನಿನಿಂದ ಬಂದ ಮಾತು. ‘ಪರ್’ ಎಂದರೆ ಉದ್ದಕ್ಕೂ, ‘ತೆನೇರೆ’ ಎಂದರೆ ಹಿಡಿಯುವುದು. ಇಲ್ಲಿ ಹಿಡಿದದ್ದು ಅಲ್ಲಿಯ ತನಕ ಮುಟ್ಟುವುದು. ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿಗೆ ಬಂತಂತೆ. ಹುಡುಗಿ ಹೂಂ ಅಂದಳು. ಮುಖ ಮಾತ್ರ ಹೂಂ ಅನ್ನಲಿಲ್ಲ.

ಅಷ್ಟರಲ್ಲಿ ಕೂಸು ಮುಲುಗಿತು. ತೊಟ್ಟಿಲ ಹತ್ತಿರ ಅಕ್ಕಿ ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು. “ಕೇಳಿಸ್ತಿಲ್ಲೊ? ನಿನ್ನ ಇಂಗ್ಲೀಷಿಗೂ ನಮ್ಮ ಒಲಿಗೂ ಏನವಾ ಸಂಬಂಧ?”

ಹೆಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಅದನ್ನು ಮಗುಚುತ್ತಲೇ ಹೆಬ್ಬೆರಳು ಎಳೆದೆ. ಹಗ್ಗ ಬಿಗಿಯಿತು, ಹೊಸ್ತಿಲಾಚೆ ಬಣ್ಣದ ತೊಟ್ಟಿಲು ಕಿರ್ರೆಂದಿತು, ಕೂಸು ಸುಮ್ಮನಾಯಿತು. ಹುಡುಗಿಯ ಕಣ್ಣು ನನ್ನ ಕಾಲಿನಿಂದ ಹಗ್ಗದಗುಂಟ ತೊಟ್ಟಿಲವರೆಗೆ ಹೋಯಿತು.

“ಅಕ್ಕಾರ, ಇದ ಹೌದಲ್ರಿ ಪರ್ಟೇನ್? ಇಲ್ಲಿ ಹಿಡದದ್ದು ಅಲ್ಲಿಮಟ ಮುಟ್ಟೂದು!” ಎಂದು ಕೂಗಿ ಅತ್ತೆಯ ಕಡೆ ತಿರುಗಿದಳು. “ಆಯಿ, ಸಂಬಂಧ ಐತ್ರಿ! ಹಗ್ಗ ನೋಡ್ರಿ!”

ಅತ್ತೆ ಹಗ್ಗ ನೋಡಲಿಲ್ಲ, ತೊಟ್ಟಿಲೊಳಗೆ ಇಣುಕಿದರು. ಆಮೇಲೆ ಒಳಗೆ ಬಂದು ರೊಟ್ಟಿಯನ್ನು ಹೊರಳಿಸಿ ಹೊರಳಿಸಿ ನೋಡಿದರು. ಎಲ್ಲೂ ಕಪ್ಪಿಲ್ಲ. ಹೊರಗೆ ಹೋಗಿ, ಗೋಣಿಚೀಲವೊಂದನ್ನು ತಂದು ಹುಡುಗಿಗೆ ಹಾಸಿದರು. “ಕುಂಡ್ರು. ನಿಂತು ಓದಿದ್ರ ತಲಿಗೆ ಹತ್ತೂದಿಲ್ಲ.”

ಉಳಿದ ರೊಟ್ಟಿಗಳನ್ನು ಅಂದು ನಾನು ಬಡಿದ ಸದ್ದು ಓಣಿಗೆಲ್ಲ ಕೇಳಿಸಿರಬೇಕು.

ಸಂಜೆ ಹುಡುಗಿಯ ತಾಯಿ ಹಿತ್ತಲ ಗೋಡೆಯ ಮೇಲಿಂದ ಕೈ ಚಾಚಿದರು. “ನಾಕೆಸಳು ಕರಿಬೇವು ಕೊಡ್ರಿ. ಅಂದಂಗ, ‘ನಮ್ಮನ್ಯಾಗ ಮುಂಜಾನಿ ಶಾಲಿ ನಡಸ್ತೇವಿ, ಹುಡುಗ್ಯಾರನ್ನ ಕಳಸ್ರಿ’ ಅಂತ ನಿಮ್ಮತ್ತಿ ನಳದ ಹತ್ರ ಎಲ್ಲಾರ್ಗೂ ಹೇಳಾಕ್ಹತ್ತಾರಲ್ರಿ.”